ಕೊಂದದ್ದು ಸೊನ್ನೆ

ಜೆಪ್ಪು, ಮಂಗಳೂರು
22 ಫೆಬ್ರವರಿ 2025, ಶನಿವಾರ

ಪ್ರೀತಿಯ ನೆವಿಲ್,

ಮಸ್ಕತ್ತಿನಲ್ಲಿ ನೀವು ಮೂವರೂ ಸೌಖ್ಯವೆಂದು ನಿನ್ನ ಅಮ್ಮ ಆನಿಯ ಬಾಯಿಂದ ತಿಳಿದಿದ್ದೇನೆ. ನಿನ್ನ ಬೆನ್ನುನೋವು ಈಗ ಹೇಗಿದೆ? ಪುಟ್ಟ ಏವ್ರಿಲಳ ಕೆಮ್ಮು ಬಿಟ್ಟಿತೇ? ಇಲ್ಲಿ ಆನಿಯ ಸಕ್ಕರೆ ಹತೋಟಿಯಲ್ಲಿದೆ, ನಿನ್ನ ತಂಗಿ ಡೈಸಿ ತಾನು ಕಲಿಸುವ ಶಾಲೆಯ ಪರೀಕ್ಷೆಗಳ ಗಡಿಬಿಡಿಯಲ್ಲಿದ್ದಾಳೆ, ನನ್ನ ಮಂಡಿ ಮೆಟ್ಟಿಲು ಕಂಡರೆ ಮಾತ್ರ ತಕರಾರು ಮಾಡುತ್ತದೆ. ನೀನು ಫೋನ್ ಮಾಡಿದಾಗಲೆಲ್ಲ ನಾನು ಗಿಡಕ್ಕೆ ನೀರು ಹಾಕಲು ಎದ್ದು ಹೋಗುವುದನ್ನು ಗಮನಿಸಿರಬಹುದು. ಈ ಮನೆಯ ನಾಲ್ಕು ಕುಂಡಗಳಿಗೆ ಇಷ್ಟು ನೀರು ಯಾವ ಕಾಲದಲ್ಲೂ ಸಿಕ್ಕಿರಲಿಲ್ಲ. ಮೂವತ್ತೊಂದು ವರ್ಷ ಹೈಸ್ಕೂಲಿನಲ್ಲಿ ಕನ್ನಡ ಪಾಠ ಮಾಡಿದವನು ಮಗನಿಗೊಂದು ಕಾಗದ ಬರೆಯಲು ಆರು ಹಾಳೆ ಹರಿದು ಎಸೆದಿದ್ದೇನೆ. ನಮ್ಮ ಮನೆಮಾತು ಕೊಂಕಣಿಯಲ್ಲಿ ಈ ಮಾತು ನನ್ನ ಬಾಯಿಗೆ ಬರುವುದಿಲ್ಲ, ಕನ್ನಡದಲ್ಲಾದರೆ ಪಾಠ ಒಪ್ಪಿಸಿದ ಹಾಗೆ ಹೇಗೋ ಮುಗಿಸಿಬಿಡಬಹುದು ಎಂದು ಕುಳಿತಿದ್ದೇನೆ. ವಾಟ್ಸಾಪಿನಲ್ಲಿ ಹಾಕಿದರೆ ನೀನು ಓದಿದೆಯೋ ಇಲ್ಲವೋ ಎಂದು ಗಳಿಗೆಗೊಮ್ಮೆ ಇಣುಕುತ್ತಾ ಕೂರಬೇಕಾಗುತ್ತದೆ. ಅದು ನನ್ನಿಂದಾಗದು.

ಕ್ರಿಸ್ಮಸ್ ಕಳೆದ ಮೂರನೆಯ ದಿನ ನಡೆದದ್ದನ್ನು ನಾನೇ ಎತ್ತಬೇಕು, ಯಾಕೆಂದರೆ ಈ ಮನೆಯಲ್ಲಿ ಬೇರೆ ಯಾರೂ ಎತ್ತುವುದಿಲ್ಲ. ಏವ್ರಿಲ್ ಸೋಫಾದ ಮೂಲೆಯಲ್ಲಿ ಟ್ಯಾಬ್ ಹಿಡಿದು ಕೂತಿದ್ದಳು. ಕರೆದೆ, ಓಗೊಡಲಿಲ್ಲ. ಹಿಂದಿನಿಂದ ಹೋಗಿ ನೋಡಿದರೆ ಕತ್ತಲು ತುಂಬಿದ ಕೋಟೆ, ಲಾಂದ್ರ ಹಿಡಿದ ಕಾವಲುಗಾರ, ಗೋಡೆಗೆ ಅಂಟಿಕೊಂಡ ಒಬ್ಬ ಮುಸುಕಿನ ಆಳು. ನೀನು ಹದಿನೈದರ ವಯಸ್ಸಿನಲ್ಲಿ ಆಡುತ್ತಿದ್ದ ಅದೇ ಜಾತಿಯ ಆಟ. ಕಿತ್ತುಕೊಂಡೆ. "ಕೊಲ್ಲುದು ಕಲಿಸಿದ್ದಾನಾ ನಿನ್ನ ಅಪ್ಪ?" ಎಂದು ಕಿರುಚಿದೆ. ಒಂಬತ್ತು ವರ್ಷದ ಮೊಮ್ಮಗಳು, "ಅಜ್ಜಾ, ನಾನು ಅಡಗಿ ಕೂತದ್ದು ಮಾತ್ರ," ಎಂದು ಅತ್ತಳು. ನೀನು ಅಡುಗೆಮನೆಯಿಂದ ಬಂದು, ದನಿ ಸಹ ಏರಿಸದೆ, "ಪಪ್ಪಾ, ನೀವು ಅವತ್ತೂ ನೋಡ್ಲಿಲ್ಲ, ಇವತ್ತೂ ನೋಡ್ಲಿಲ್ಲ," ಎಂದೆ. ಟಿಕೆಟ್ ಬದಲಾಯಿಸಿ ಮರುದಿನವೇ ನೀವು ಮಸ್ಕತ್ತಿಗೆ ಹೊರಟಿರಿ. ಅಮ್ಮ ಕಟ್ಟಿಟ್ಟ ಕ್ರಿಸ್ಮಸ್ ತಿಂಡಿಗಳ ಕುಸ್ವಾರ್ ಡಬ್ಬಿ ಮೇಜಿನ ಮೇಲೆಯೇ ಉಳಿಯಿತು. ಅದನ್ನು ಆನಿಯೂ ಡೈಸಿಯೂ ಮುಟ್ಟಲಿಲ್ಲ. ಜನವರಿಯಿಡೀ ಆ ಕಲ್ಕಲ್, ಚಕ್ಕುಲಿಗಳನ್ನು ನಾನೊಬ್ಬನೇ ತಿಂದು ಮುಗಿಸಿದೆ. ನಾಚಿಕೆಯಿಂದ ಹೊಟ್ಟೆ ತುಂಬುತ್ತದೆ ಎಂದು ಆಗ ಗೊತ್ತಾಯಿತು.

ನೋಡಲಿಲ್ಲ ಎಂದೆಯಲ್ಲ, ನೋಡೋಣ ಎಂದು ನಾನೇ ಹೊರಟೆ. ನಿನ್ನ ಹಳೆಯ ಕಂಪ್ಯೂಟರಿನ ಡಬ್ಬವನ್ನು ಆನಿ ಬೆಡ್‌ಶೀಟ್ ಮುಚ್ಚಿ ಅಟ್ಟದಲ್ಲಿ ಇಟ್ಟಿದ್ದಳು. ಅದನ್ನು ರಿಕ್ಷಾದಲ್ಲಿ ಮಡಿಲ ಮೇಲೆ ಇಟ್ಟುಕೊಂಡು ಪಂಪ್‌ವೆಲ್‌ಗೆ, ಕಮರುದ್ದೀನನ ರಿಪೇರಿ ಅಂಗಡಿಗೆ ಹೋದೆ. ಹೌದು, ನಿನ್ನ ಕ್ಲಾಸ್‌ಮೇಟ್ ಅದೇ ಕಮರುದ್ದೀನ್, ನಿನಗೆ ಆ ಆಟದ ಸಿಡಿ ಕೊಟ್ಟವನು. ನನ್ನ ಮಗನನ್ನು ಹಾಳು ಮಾಡಿದೆ, ಇನ್ನು ನಮ್ಮ ಗೇಟಿನೊಳಗೆ ಕಾಲಿಡಬೇಡ ಎಂದು ನಾನು ಓಡಿಸಿದ್ದ ಹುಡುಗ. ಈಗ ಅವನ ತಲೆ ಅಲ್ಲಲ್ಲಿ ನರೆತಿದೆ. "ಸರ್, ನೀವಾ! ಇಷ್ಟು ಭಾರ ಎಂತಕ್ಕೆ ಹೊತ್ಕೊಂಡು ಬಂದದ್ದು? ಒಂದು ಫೋನ್ ಮಾಡಿದ್ರೆ ನಾನೇ ಮನೆಗೆ ಬರ್ತಿದ್ದೆ," ಎಂದ. ಮರೆತಿದ್ದನೋ, ಮರೆತ ಹಾಗೆ ಮಾಡಿದನೋ, ನಾನು ಕೇಳಲಿಲ್ಲ. ಎರಡು ದಿನ ಒದ್ದಾಡಿ ಅದಕ್ಕೆ ಜೀವ ಬರಿಸಿದ. ಸಿಡಿ ಇಲ್ಲದಿದ್ದರೂ ಆಟ ಅದರೊಳಗೇ ಉಳಿದಿತ್ತು, ನೀನು ಆಡಿ ಮುಗಿಸಿದ ಹದಿಮೂರು ಹಂತಗಳ ಪಟ್ಟಿಯೂ ಹಾಗೆಯೇ ಇತ್ತು. ಪ್ರತಿ ಹಂತದ ಎದುರೂ ಮೂರು ಸಾಲು. ಕಣ್ಣಿಗೆ ಬಿದ್ದದ್ದು, ಸೊನ್ನೆ. ಹೊಡೆದು ಬೀಳಿಸಿದ್ದು, ಸೊನ್ನೆ. ಕೊಂದದ್ದು, ಸೊನ್ನೆ. ಹದಿಮೂರು ಸಲ ಅದನ್ನೇ ಓದಿದೆ. ಕಮರುದ್ದೀನ್ ನನಗೆ ತಿಳಿಯುವ ಹಾಗೆ ಬಿಡಿಸಿ ಹೇಳಿದ. ಸುಲಭದ ಲೆವೆಲಿನಲ್ಲಿ ಯಾರನ್ನು ಬೇಕಾದರೂ ಇರಿಯಬಹುದಂತೆ, ಕೇಳುವವರಿಲ್ಲ. ಕಷ್ಟದ ಲೆವೆಲಿನಲ್ಲಿ ಒಬ್ಬನನ್ನು ಕೊಂದರೂ ಆಟ ಅಲ್ಲಿಗೇ ಮುಗಿಯಿತಂತೆ. "ನೆವಿಲ್ ಅದಕ್ಕಿಂತಲೂ ಮೇಲೆ ಸರ್. ತಲೆಗೆ ಹೊಡೆದು ಮಲಗಿಸ್ಲಿಕ್ಕೆ ಆಟದಲ್ಲಿ ಬಿಡ್ತಾರೆ, ಅವ ಅದನ್ನೂ ಮಾಡ್ತಿರ್ಲಿಲ್ಲ. ಪಾಪ ಮಾರಾಯ, ಡ್ಯೂಟಿಯಲ್ಲಿ ಮಲಗಿದ ಅಂತ ಆ ಕಾವಲುಗಾರನ ಕೆಲಸ ಹೋಗ್ತದೆ ಅಂತ ಹೇಳ್ತಿದ್ದ," ಎಂದು ನಕ್ಕ. ನನಗೆ ನಗು ಬರಲಿಲ್ಲ.

ನಾನೂ ಆಡಿದೆ. ಇದನ್ನು ಆನಿಗೆ ಹೇಳಬೇಡ, ನಾನು ದಿನಾ ಬೆಳಿಗ್ಗೆ ಹನ್ನೊಂದಕ್ಕೆ ಮಂಡಿಯ ವ್ಯಾಯಾಮಕ್ಕೆ ಹೋಗುತ್ತೇನೆ ಎಂದು ಅವಳು ತಿಳಿದಿದ್ದಾಳೆ. ಮುದುಕನೆಂದು ಕಮರುದ್ದೀನ್ ಅತಿ ಸುಲಭದ ಲೆವೆಲ್ ಹಾಕಿಕೊಟ್ಟ. ಮೊದಲ ದಿನವೇ ಹನ್ನೊಂದು ಜನರನ್ನು ಕೊಂದೆ. ಕೊಲ್ಲಬೇಕೆಂದು ಅಲ್ಲ ಪುತಾ, ಕಾಯಲು ತಾಳ್ಮೆ ಇಲ್ಲದೆ. ಅವರಲ್ಲೊಬ್ಬ ತನ್ನ ಜೊತೆಗಾರನ ಹತ್ತಿರ ಹಲ್ಲುನೋವಿನ ಬಗ್ಗೆ ಹೇಳಿಕೊಳ್ಳುತ್ತಿದ್ದ, ಮಾತು ಮುಗಿಯುವ ಮೊದಲೇ ಇರಿದುಬಿಟ್ಟೆ. ಪಟ್ಟಿ ಬಂದಾಗ ಕಮರುದ್ದೀನ್ ಓದಬಾರದೆಂದು ಪರದೆಗೆ ಕೈ ಅಡ್ಡ ಹಿಡಿದೆ. ಮನೆಯಲ್ಲಿ ಮಗನನ್ನು ಕೊಲೆಗಾರ ಎಂದು ಕರೆದ ಮೇಷ್ಟ್ರು! ಆಮೇಲೆ ಹಟ ಹಿಡಿದು ನಿನ್ನ ಲೆವೆಲಿಗೇ ಹೋದೆ. ಅಲ್ಲಿ ಆಡಿದಷ್ಟನ್ನು ನಡುವೆ ಸೇವ್ ಮಾಡಿಟ್ಟುಕೊಳ್ಳಲೂ ಬಿಡುವುದಿಲ್ಲ, ಸಿಕ್ಕಿಬಿದ್ದರೆ ಮೊದಲಿನಿಂದ. ಹತ್ತೊಂಬತ್ತು ದಿನವಾಯಿತು, ಮೊದಲ ಅಂಗಳ ದಾಟಿಲ್ಲ. ಪೀಪಾಯಿಯ ಹಿಂದೆ ಕೂತು, ಆ ಲಾಂದ್ರದವನು ತಿರುಗಿ ಹೋಗುವವರೆಗೆ ಉಸಿರು ಬಿಗಿಹಿಡಿದು ಕಾಯುವುದು. ಅಂಗಡಿಯಲ್ಲಿ ಯಾರಾದರೂ ನನ್ನನ್ನು ಮಾತಾಡಿಸಿದರೆ, "ಒಂದೇ ನಿಮಿಷ," ಎನ್ನುತ್ತೇನೆ. ಎಂದ ಕೂಡಲೇ ನಿನ್ನ ದನಿ ಕೇಳುತ್ತದೆ. ಸಂಜೆ ತೇರ್ಸಿನ ಪ್ರಾರ್ಥನೆಗೆ ಕರೆದರೆ ನೀನೂ, "ಒಂದೇ ನಿಮಿಷ ಪಪ್ಪಾ," ಎನ್ನುತ್ತಿದ್ದೆ. ನಾನು ಹೋಗಿ ಗೋಡೆಯ ಸ್ವಿಚ್ ಆರಿಸುತ್ತಿದ್ದೆ. ಎಷ್ಟು ಸಂಜೆ ಹಾಗೆ ಮಾಡಿದೆನೋ. ನೀನು ಬಂದು ಮೊಣಕಾಲೂರಿ ಜಪಮಾಲೆ ಹಿಡಿಯುತ್ತಿದ್ದೆ. ಸ್ವಿಚ್ ಆರಿಸಿ ನಾನು ಅಳಿಸಿಹಾಕಿದ ಆಟದ ಆ ಒಂದು ಗಂಟೆ ನೀನು ಯಾರಿಗೂ ನೋವು ಮಾಡದೆ ಕಷ್ಟಪಟ್ಟು ದಾಟಿ ಬಂದದ್ದೆಂದು ನನಗೆ ಹೇಗೆ ಗೊತ್ತಾಗಬೇಕಿತ್ತು?

ಈಗ 2004ರ ಈಸ್ಟರಿಗೆ ಮೊದಲಿನ ತಪಸ್ಸುಕಾಲದ ಮಾತು. ಆಗ ನಾನು ನಮ್ಮ ವಾರ್ಡಿನ ಗುರ್ಕಾರ. ಮೂವತ್ತೆರಡು ಮನೆಗಳ ಹಿರಿಯನೆಂದು ಇಗರ್ಜಿಯ ಪಾದ್ರಿಗಳೇ ನೇಮಿಸಿದ್ದರು, ಆ ಗೌರವ ನನ್ನ ತಲೆಗೆ ಏರಿತ್ತು. ಭಾನುವಾರದ ವಾರ್ಡು ಸಭೆಯಲ್ಲಿ ಎದ್ದು ನಿಂತು, ಮಕ್ಕಳು ಕೊಲೆಯ ಆಟ ಆಡುತ್ತಿದ್ದಾರೆ, ನನ್ನ ಮನೆಯಲ್ಲೇ ಹಿಡಿದಿದ್ದೇನೆ, ಬೇರೆಯವರ ಮಕ್ಕಳಿಗಿಂತ ಮೊದಲು ನನ್ನ ಮಗನನ್ನೇ ತಿದ್ದುತ್ತೇನೆ ಎಂದು ಭಾಷಣ ಮಾಡಿದೆ. ಎಲ್ಲರೂ ತಲೆದೂಗಿದರು. ಗುರುವಾರ ಸಿಡಿಯನ್ನು ಎರಡು ತುಂಡು ಮಾಡಿದೆ. ಶುಕ್ರವಾರ ನಮ್ಮ ಮನೆಯಲ್ಲಿ ವಾರ್ಡಿನ ಪ್ರಾರ್ಥನೆ ಮುಗಿದ ಮೇಲೆ ಎಲ್ಲರ ಎದುರು ನಿಲ್ಲಿಸಿ ನಿನ್ನಿಂದ ಕ್ಷಮೆ ಕೇಳಿಸಿದೆ. ನೀನು ನೆಲ ನೋಡುತ್ತಾ "ಸಾರಿ" ಎಂಬ ಒಂದೇ ಒಂದು ಪದ ಹೇಳಿದೆ. ಶನಿವಾರ ಪಾಪನಿವೇದನೆಗೆಂದು ಸ್ಕೂಟರಿನಲ್ಲಿ ಕೂರಿಸಿಕೊಂಡು ಹೋದೆ. ದಾರಿಯಲ್ಲಿ ನೀನು ಹಿಂದಿನಿಂದ, "ಪಪ್ಪಾ, ಮಾಡದ ಪಾಪ ಪಾದ್ರಿಗಳ ಹತ್ತಿರ ಹೇಳಿದ್ರೆ ಅದು ಸುಳ್ಳು ಹೇಳಿದ ಹಾಗೆ ಆಗುದಿಲ್ವಾ?" ಎಂದು ಕೇಳಿದೆ. ನಾನು ಆಕ್ಸಿಲರೇಟರ್ ತಿರುಗಿಸಿದೆ. ಒಳಗೆ ನೀನು ಏನು ಹೇಳಿದೆಯೋ ದೇವರಿಗೂ ಪಾದ್ರಿಗಳಿಗೂ ಗೊತ್ತು. ಅಂದಿನಿಂದ ನೀನು ಪಾಪನಿವೇದನೆಗೆ ಹೋದದ್ದನ್ನು ನಾನು ಕಂಡಿಲ್ಲ, ನಿನ್ನ ಮದುವೆಯ ಮುಂಚೆ ಹೋದದ್ದೊಂದನ್ನು ಬಿಟ್ಟರೆ, ಅದೂ ಆನಿ ಕಣ್ಣೀರು ಹಾಕಿದ ಮೇಲೆ. ಇಪ್ಪತ್ತೊಂದು ವರ್ಷ ನಿನ್ನ ನಂಬಿಕೆ ಕಡಿಮೆಯಾಯಿತೆಂದು ಊರಿಗೆಲ್ಲ ದೂರಿದ್ದೇನೆ. ಅದನ್ನು ಕೆಡಿಸಿದವನು ನಾನೇ.

ನನಗೆ ತಿಳಿವಳಿಕೆ ಇರಲಿಲ್ಲ ನೆವಿಲ್. ಕಂಪ್ಯೂಟರ್ ಎಂದರೆ ಹೆದರುವ ಕಾಲ, ಕತ್ತಿ ಕಂಡರೆ ಕೊಲೆಯೆಂದೇ ನಂಬಿದ ತಲೆಮಾರು. ಗೊತ್ತಿದ್ದರೆ ಖಂಡಿತ ಹಾಗೆ ಮಾಡುತ್ತಿರಲಿಲ್ಲ. ತಪ್ಪಾಯಿತು, ನನ್ನನ್ನು ಕ್ಷಮಿಸು. ಬೇಸಗೆ ರಜೆಗೆ ಏವ್ರಿಲಳನ್ನು ಕರೆದುಕೊಂಡು ಬಾ ಎಂದು ಕೇಳುವ ಮುಖ ನನಗಿಲ್ಲ. ಆದರೂ ಕೇಳುತ್ತಿದ್ದೇನೆ. ಬಂದರೆ ಆ ಲಾಂದ್ರದವನನ್ನು ದಾಟುವುದು ಹೇಗೆಂದು ನನಗೆ ತೋರಿಸಿಕೊಡಲು ಅವಳಿಗೆ ಹೇಳು. ನಿಮ್ಮ ಮೂವರ ತಲೆಯ ಮೇಲೂ ದೇವರ ಕೈ ಇರಲಿ. ಆನಿಯ ಮುತ್ತುಗಳು, ಡೈಸಿಯ ನೆನಪುಗಳು ಇದರ ಜೊತೆಗಿವೆ.

ನಿನ್ನ ಪಪ್ಪಾ,
ವಿಲ್ಲಿ

ತಾ.ಕ.: ಕಮರುದ್ದೀನನ ತಂಗಿ ನಾಝಿಮಾ ಇಂದು ಮಸ್ಕತ್ತಿಗೆ ಹೊರಟಿದ್ದಾಳೆ, ಕಾಗದ ಒಯ್ಯಲು ಅವನು ಗೇಟಿನಲ್ಲಿ ನಿಂತು ಹಾರ್ನ್ ಮಾಡುತ್ತಿದ್ದಾನೆ. ಅಂಟಿಸಿದ ಲಕೋಟೆಯನ್ನು ಮತ್ತೆ ಬಿಚ್ಚಿದ್ದೇನೆ. ಮೇಲೆ ಗೊತ್ತಿರಲಿಲ್ಲ ಎಂದು ಬರೆದದ್ದು ಸುಳ್ಳು. ಆ ಗುರುವಾರ ಸಿಡಿ ತೆಗೆಯಲು ಹೋದಾಗ ಪರದೆಯ ಮೇಲೆ ನಿನ್ನ ಪಟ್ಟಿ ಇತ್ತು, ನೀನು ನೀರು ಕುಡಿಯಲು ಹೋಗಿದ್ದೆ. ನಾನು ಅಷ್ಟು ಇಂಗ್ಲಿಷ್ ಬಾರದವನಲ್ಲ. ಕೊಂದದ್ದು ಸೊನ್ನೆ ಎಂದು ಎರಡು ಸಲ ಓದಿದೆ, ಅರ್ಥವೂ ಆಯಿತು. ಆದರೆ ಭಾನುವಾರವೇ ಮೂವತ್ತೆರಡು ಮನೆಯವರ ಎದುರು ಮಾತಾಡಿ ಆಗಿತ್ತು, ನನ್ನದೇ ತಪ್ಪು ಎಂದು ಮತ್ತೆ ಎದ್ದು ಹೇಳುವುದು ಗುರ್ಕಾರನಿಗೆ ಸಾಧ್ಯವಾಗಲಿಲ್ಲ. ಪರದೆ ಆರಿಸಿದೆ. ಗೊತ್ತಿದ್ದದ್ದರಿಂದಲೇ ಕ್ರಿಸ್ಮಸ್ಸಿನಲ್ಲಿ ಆ ಮಗುವಿನ ಮೇಲೆ ಅಷ್ಟು ರೇಗಿದೆ. ಇದನ್ನು ಓದಿದ ಮೇಲೆ ನೀನು ಬಾರದಿದ್ದರೆ ನಾನು ಯಾರನ್ನೂ ದೂರುವುದಿಲ್ಲ. ಆದರೆ ಏವ್ರಿಲ್ ಎಂದಾದರೂ ಕೇಳಿದರೆ, ಪಾಪ ಅಜ್ಜನಿಗೆ ಗೊತ್ತಿರಲಿಲ್ಲ ಎಂದು ಮಾತ್ರ ಹೇಳಬೇಡ.