ಮಾವನ ವೈರಿಲ್ಲದ ವಿಮಾನ

ಮಾವ,

ಇವತ್ತು ಭಾನುವಾರ. ಬಟ್ಟೆ ನೆನೆಹಾಕಿ, ತಿಂಡಿ ಮುಗಿಸಿ, ಹಿಂದಿನ ರೂಮಿನಲ್ಲಿ ನಿಮ್ಮ ಕುರ್ಚಿಯ ಪಕ್ಕ ಸ್ಟೂಲು ಹಾಕಿಕೊಂಡು ಬರೆಯುತ್ತಿದ್ದೇನೆ. ಆ ಕುರ್ಚಿಯಲ್ಲಿ ಕೂರುವ ಧೈರ್ಯ ನನಗಿನ್ನೂ ಬಂದಿಲ್ಲ. ಸುಸ್ತಾಗಿದೆ ಮಾವ. ಮದ್ದೂರಿನಿಂದ ಮಂಡ್ಯದ ಬ್ಯಾಂಕಿಗೆ ದಿನಾ ಓಡಾಡುವ ಸುಸ್ತು ಮಲಗಿದರೆ ಹೋಗುತ್ತೆ. ಇದು ನೀವು ಹೋದಮೇಲೆ ಬಂದದ್ದು, ಮಲಗಿದರೂ ಹೋಗುತ್ತಿಲ್ಲ. ನೀವಿದ್ದಿದ್ದರೆ "ವಸಿ ಕಾಪಿ ಕುಡಿ ಕಣವ್ವ, ಸರೋಯ್ತದೆ" ಅನ್ನುತ್ತಿದ್ದಿರಿ.

ರಿಟೈರಾದ ಹೊಸದರಲ್ಲಿ ನೀವು ಬೆಳಿಗ್ಗೆ ಎದ್ದು ಬಸ್ ಸ್ಟ್ಯಾಂಡಿಗೆ ಹೋಗಿ ಸುಮ್ಮನೆ ನಿಂತು ಬರುತ್ತಿದ್ದದ್ದು ನೆನಪಿದೆಯಾ? ಮಳವಳ್ಳಿ, ಮದ್ದೂರು, ಬೆಸಗರಹಳ್ಳಿ ಅಂತ ಬದುಕೆಲ್ಲಾ ಸರ್ಕಾರಿ ಬಸ್ಸು ಓಡಿಸಿದ ಕೈ ಮನೆಯಲ್ಲಿ ಸುಮ್ಮನಿರಲಾರದೆ ಒದ್ದಾಡುತ್ತಿತ್ತು. ನೋಡಲಾರದೆ ನಾನೇ ಕಂಪ್ಯೂಟರಿಗೆ ವಿಮಾನ ಓಡಿಸುವ ಸಿಮ್ಯುಲೇಟರ್ ಹಾಕಿ, ಸ್ಟೇರಿಂಗು, ಪೆಡಲ್ಲು ಜೋಡಿಸಿಕೊಟ್ಟೆ. ಪೈಲಟ್ ಎಡಗಡೆ ಕೂರಬೇಕು ಅಂದರೆ ಕೇಳಿದಿರಾ? "ಬಲಗಡೆ ಕೂತು ಸವೆದಿರೋ ಜೀವ ಕಣವ್ವ ಇದು, ಎಡಗಡೆ ಒಗ್ಗಾಕಿಲ್ಲ" ಅಂತ ಬಲಗಡೆ ಸೀಟಿಗೇ ಸೆಟ್ ಮಾಡಿಸಿಕೊಂಡಿರಿ. ಆಕಾಶದಲ್ಲಿ ದಾರಿಗೇನು ಬರ? ಆದರೂ ನೀವು ಹಾರುತ್ತಿದ್ದದ್ದು ಮಳವಳ್ಳಿ ರಸ್ತೆಯ ಮೇಲೆಯೇ. ಸ್ಟಾಪು ಬಂದ ಕಡೆಯೆಲ್ಲ ವೇಗ ಬೇರೆ ಇಳಿಸುತ್ತಿದ್ದಿರಿ.

ಮೊದಲನೇ ವಿ.ಆರ್. ಕನ್ನಡಕ ಹಾಕಿಕೊಂಡ ದಿನ ನಿಮ್ಮ ಮುಖ ನೋಡಬೇಕಿತ್ತು. ಎತ್ತ ತಿರುಗಿದರೂ ವಿಮಾನದ ಒಳಗೇ ಇದ್ದಂತೆ ಕಾಣುತ್ತಲ್ಲ, ಹಿಂದಿನ ಸೀಟು ನೋಡಿ "ರಶ್ಶಿಲ್ಲ ಇವತ್ತು" ಅಂತ ನಕ್ಕಿರಿ. ಆದರೆ ಆ ಕನ್ನಡಕಕ್ಕೂ ಕಂಪ್ಯೂಟರಿಗೂ ನಡುವೆ ದಪ್ಪನೆಯ ವೈರು. ಬಾಗಿಲು ಹಾಕಿದೆಯೋ ಇಲ್ಲವೋ ಅಂತ ತಿರುಗಿ ತಿರುಗಿ ನೋಡುವ ನಿಮ್ಮ ಅಭ್ಯಾಸಕ್ಕೆ ಅದು ಕುತ್ತಿಗೆ ಸುತ್ತಿಕೊಂಡಿತು. ಬಿಡಿಸಿಕೊಳ್ಳಲು ಎದ್ದವರು ಕುರ್ಚಿ ಸಮೇತ ಬಿದ್ದಿರಿ. ಅತ್ತೆ ಕನ್ನಡಕವನ್ನು ಬೀರುವಿಗೆ ಹಾಕಿ ಬೀಗ ಜಡಿದರು. "ಆ ವೈರು ಇರೋಗಂಟ ನೀವು ಇದ್ರಲ್ಲಿ ಕೂರಂಗಿಲ್ಲ. ನಾನಂತೂ ನಿಮ್ಮ ವಿಮಾನ ಅತ್ತಾಕಿಲ್ಲ." ಅವರ ತವರು ಪೂರಿಗಾಲಿಯನ್ನು ಮೇಲಿಂದ ತೋರಿಸುತ್ತೇನೆ ಅಂತ ನೀವು ಮಾತು ಕೊಟ್ಟುಬಿಟ್ಟಿದ್ದಿರಿ. ಅಲ್ಲಿಂದ ಒಂದೇ ಹಟ, "ವೈರು ತೆಗ್ಸಿಕೊಡು ಸವಿತ." ತೆಗೆಸಿಕೊಡ್ತೀನಿ ಮಾವ, ಅಂದೆ.

ವೈರಿಲ್ಲದ ಹೊಸ ಕನ್ನಡಕ ಬಂದಾಗ ನಾನು ಬ್ಯಾಂಕಿನಲ್ಲಿದ್ದೆ. ಸಂಜೆ ಬಂದು ನೋಡಿದರೆ ಅದರ ನಡುಹಣೆಗೆ ಕುಂಕುಮ, ಪಕ್ಕದಲ್ಲಿ ಕುಯ್ದ ನಿಂಬೆಹಣ್ಣು. "ಒಸ ಗಾಡಿಗೆ ಪೂಜೆ ಮಾಡ್ದೆ ಎತ್ತದುಂಟಾ?" ಅಂದಿರಿ. ಅವತ್ತಿನಿಂದ ಅದು ನೆಟ್ಟಗೆ ನಡೆಯಲೇ ಇಲ್ಲ. ಕಾಕ್‌ಪಿಟ್ಟು ಜಾರಿ ಎತ್ತಲೋ ಹೋಗಿ, ನೀವು ರೆಕ್ಕೆಯ ಮೇಲೆ ಕೂತಿರುತ್ತಿದ್ದಿರಿ. ಇದಕ್ಕೆ ಚಿತ್ರ ಬರುವುದು ವೈಫೈಯಲ್ಲಿ, ನಡುಮನೆಯ ವೈಫೈ ಈ ದಪ್ಪ ಗೋಡೆ ದಾಟುತ್ತಿಲ್ಲ ಅಂತ ಈ ರೂಮಿಗೇ ಬೇರೆ ರೂಟರ್ ತಂದಿಟ್ಟೆ, ಕಂಪ್ಯೂಟರಿನಿಂದ ಅದಕ್ಕೆ ಕೇಬಲ್ ಎಳೆದೆ. ಚಿತ್ರ ತಡೆದು ತಡೆದು ಬರುವುದು ನಿಂತಿತು, ಜಾರುವುದು ನಿಲ್ಲಲಿಲ್ಲ. ಬೆಳಕು ಸಾಲದು ಅಂತ ಕನ್ನಡಕ ತೋರಿಸಿದರೆ ನೀವು ಹೊಸ ಟ್ಯೂಬ್‌ಲೈಟ್ ಹಾಕಿಸಿದಿರಿ. ನನಗೆ ಅಳು ಬರುವಷ್ಟಾದಾಗ, "ಆಯ್ತದೆ ಬುಡು, ಮುಂದಿನ ಭಾನುವಾರ ನೋಡಾನ" ಅಂದಿರಿ. ಆ ಭಾನುವಾರ ಬರುವುದರೊಳಗೆ ನಿಮ್ಮ ಎದೆನೋವು, ಆಸ್ಪತ್ರೆ...

ಬರೆಯೋಕಾಗಲ್ಲ, ಬಿಡಿ.

ಕಳೆದ ಭಾನುವಾರ ನಿಮ್ಮ ಮಗ, "ಅದನ್ನ ಅಟ್ಟಕ್ಕೆ ಹಾಕಿಬಿಡು, ನೋಡಿದ್ರೆ ಸಂಕಟ ಆಗುತ್ತೆ" ಅಂದರು. ನನಗೂ ಸಾಕಾಗಿತ್ತು. ಬಟ್ಟೆಯಲ್ಲಿ ಸುತ್ತೋಣ ಅಂತ ಕಿಟಕಿಯ ಬಿಸಿಲಿಗೆ ಹಿಡಿದೆ. ಮುಂಭಾಗದ ಮೂಲೆಗಳಲ್ಲಿ ಸಣ್ಣ ಕ್ಯಾಮೆರಾಗಳಿವೆಯಲ್ಲ, ಒಂದೊಂದರ ಮೇಲೂ ಗಂಧ ಒಣಗಿ ತೆಳ್ಳನೆ ಪೊರೆ ಕಟ್ಟಿತ್ತು. ಅವನ್ನು ಹೆಡ್‌ಲೈಟು ಅಂದುಕೊಂಡಿರಾ ಮಾವ? ಬಸ್ಸಿಗೆ ಇಟ್ಟ ಹಾಗೆ ಇದಕ್ಕೂ ಇಟ್ಟಿರಾ? ಅವು ಅದರ ಕಣ್ಣು. ರೂಮು ಕಾಣಿಸದೆ, ತಾನೆಲ್ಲಿದ್ದೇನೆಂದು ತಿಳಿಯದೆ ಅದು ಜಾರುತ್ತಿತ್ತು, ನಾವು ರೂಟರನ್ನು ಬೈದದ್ದೇ ಬೈದದ್ದು. ಒಂದು ಕ್ಯಾಮೆರಾದ ಮೇಲೆ ನಿಮ್ಮ ಉಂಗುರಬೆರಳಿನ ಗೆರೆಗಳು ಹಾಗೇ ಮೂಡಿದ್ದವು. ಒರೆಸಿದರೆ ವಿಮಾನ ಸರಿಹೋಗುತ್ತೆ. ಆದರೆ ಒರೆಸಿದಮೇಲೆ ಆ ಬೆರಳನ್ನು ಎಲ್ಲಿಂದ ತರಲಿ?

ನಾನು ಹಾಗೇ ನಿಂತಿದ್ದು ನೋಡಿ ಅತ್ತೆ ಬಂದರು. ಹೇಳಿದೆ. ಅವರು, "ಗ್ಲಾಸು ಒರಸ್ದೆ ಅವ್ರು ಯಾವತ್ತಾರ ಗಾಡಿ ಎತ್ತವ್ರಾ? ತಾ ಇಲ್ಲಿ" ಅಂದರು. ಸೆರಗಿನ ತುದಿ ಒದ್ದೆ ಮಾಡಿಕೊಂಡು ಒಂದೊಂದೇ ಒರೆಸಿದರು. ಬೆರಳಿನ ಗುರುತಿದ್ದ ಕಡೆ ಕೈ ತಡೆಯಿತು. ಅದನ್ನೂ ಒರೆಸಿ, ಸೆರಗಿನ ಆ ತುದಿಯನ್ನು ಮುಖಕ್ಕೆ ಒತ್ತಿಕೊಂಡು ನಿಮ್ಮ ಕುರ್ಚಿಯಲ್ಲಿ ಕೂತುಬಿಟ್ಟರು. ನಾನೂ ಅತ್ತುಬಿಟ್ಟೆ.

ಆಮೇಲೆ ನಡೆದದ್ದನ್ನು ಹೇಳೋದಕ್ಕೇ ಇಷ್ಟೆಲ್ಲ ಬರೆದೆ. ಕನ್ನಡಕ ಹಾಕಿ ನೋಡಿದೆ, ಕಾಕ್‌ಪಿಟ್ಟು ಒಂದು ಚೂರೂ ಕದಲಲಿಲ್ಲ. ಅತ್ತೆ, "ಅದ್ನ ನಂಗಾಕು" ಅಂದರು. "ಎಡಗಡೆ ಕೂರ್ಸು. ಬಲಗಡೆ ಅವ್ರದ್ದು." ಹೊಸದಾಗಿ ಮದುವೆಯಾದಾಗ ನಿಮ್ಮ ಬಸ್ಸಿನಲ್ಲಿ ಎಡಗಡೆ ಮುಂದಿನ ಸೀಟು ಹಿಡಿದು, ದಾರಿಯುದ್ದಕ್ಕೂ ನಿಮ್ಮನ್ನೇ ನೋಡುತ್ತಿದ್ದರಂತೆ. ಇದನ್ನ ನೀವು ನನಗೆ ಹೇಳಿರಲೇ ಇಲ್ಲವಲ್ಲ!

ಸ್ಟೇರಿಂಗನ್ನು ನನ್ನ ಸ್ಟೂಲಿನ ಕಡೆ ಎಳೆದುಕೊಂಡು, ಪರದೆ ನೋಡುತ್ತಾ ನಾನೇ ಓಡಿಸಿದೆ. ನಿಮ್ಮ ರಸ್ತೆಯ ಮೇಲೇ ಹೋದೆ. ಶಿಂಷೆ ದಾಟಿತು, ಮಳವಳ್ಳಿ ದಾಟಿತು. ಅತ್ತೆ ಕೆಳಗೆ ನೋಡಲೇ ಇಲ್ಲ. ಬಲಗಡೆಗೇ ತಿರುಗಿ ಕೂತಿದ್ದರು. ಅಲ್ಲಿ ಖಾಲಿ ಸೀಟಿನ ಮುಂದೆ, ವಿಮಾನದ ಜೋಡಿ ಸ್ಟೇರಿಂಗಿನಲ್ಲಿ ಇನ್ನೊಂದು, ನನ್ನ ಕೈ ಆಡಿದಂತೆ ಆಡುತ್ತಿತ್ತು. "ಅಲ್ಲಾಡ್ತೈತೆ ಕಣವ್ವ" ಅಂದರು. "ಹೂಂ ಅತ್ತೆ" ಅಂದೆ. ಅವರು ಬಲಗೈ ಚಾಚಿದರು, ಯಾವ ವೈರೂ ಅಡ್ಡ ಬರಲಿಲ್ಲ.

ಆಗ ಮೊದಲ ಸಲ ಕೆಳಗೆ ಇಣುಕಿ, "ಪೂರಿಗಾಲಿ ಬಂತು" ಅಂದರು. "ವಸಿ ನಿಧಾನ ಮಾಡಿ."

ಅದು ನನಗೆ ಹೇಳಿದ್ದಲ್ಲ, ಗೊತ್ತು. ನಿಧಾನ ಮಾಡಿದೆ, ಮಾವ.

ನಿಮ್ಮ ಸೊಸೆ,
ಸವಿತ