ಒಂದೇ ಚಿಪ್ಪಿಗೆ ಎರಡು ಹೆಸರು

ಮಾರ್ಚ್ ೧೪, ಭಾನುವಾರ ಮಧ್ಯಾಹ್ನ

ಪ್ರೀತಿಯ ಚಿಕ್ಕವಳೇ,

ನಿಮ್ಮಕ್ಕನ ಹೊಸ ಪ್ರಭೇದದ ಖರ್ಚು ಮೊದಲು ಬರೆದುಬಿಡುತ್ತೇನೆ, ಕ್ಷೇಮ ಸಮಾಚಾರ ಆಮೇಲೆ. ಕಲ್ಲು ಕರಗಿಸುವ ಆಸಿಡ್ಡು ಎರಡು ಡಬ್ಬ. ಗಾಜಿನ ಸ್ಲೈಡು ಮೂರು ಪೆಟ್ಟಿಗೆ, ಅದೂ ನನ್ನ ಲ್ಯಾಬ್ ಸಾಮಾನಿನ ಅಂಗಡಿಯದು, ಅಂದಮೇಲೆ ವಸೂಲಾಗದ ಬಾಕಿ. ಸೂಕ್ಷ್ಮದರ್ಶಕಕ್ಕೆ ಬಲ್ಬು, ಅವಳಿಗೆ ಕನ್ನಡಕ. ನನ್ನ ನಿದ್ದೆ, ಪೂರ್ತಿ. ನಿನ್ನ ಎರಡು ಕಾಗದಕ್ಕೆ ಉತ್ತರ ಬರೆಯದ ತಪ್ಪೂ ಇದೇ ಖಾತೆಗೆ. ಬೈಯಬೇಡ. ಬರೆಯಲು ಕೂತರೆ ನಿಜ ಬರೆಯಬೇಕಾಗುತ್ತಿತ್ತು, ಅದಕ್ಕೆ ಹೆದರಿ ಕೂರಲೇ ಇಲ್ಲ.

ನಿವೃತ್ತಿಯಾದ ಮೇಲೂ ಅವಳು ಹಿತ್ತಲ ಕೋಣೆಯಲ್ಲಿ ಪ್ರಯೋಗಶಾಲೆ ಇಟ್ಟುಕೊಂಡಿದ್ದು ನಿನಗೆ ಗೊತ್ತು. ಹಳೆಯ ಸಮುದ್ರದ ತಳದ ಕಲ್ಲನ್ನು ಕುಟ್ಟಿ, ಆಸಿಡ್ಡಿನಲ್ಲಿ ಕರಗಿಸಿ, ಉಳಿದ ಚರಟದಲ್ಲಿ ಡೈನೋಫ್ಲಾಜೆಲೇಟ್ ಹುಡುಕುವುದು. ಕಣ್ಣಿಗೆ ಕಾಣದ ಒಂದು ಜೀವಿ. ಕಷ್ಟಕಾಲ ಬಂದರೆ ಗಟ್ಟಿ ಚಿಪ್ಪು ಕಟ್ಟಿಕೊಂಡು ಒಳಗೆ ಮಲಗುತ್ತದೆ, ಆಮೇಲೆ ಚಿಪ್ಪಿನ ಒಂದು ಬಿಲ್ಲೆ ತಳ್ಳಿ ಹೊರಟುಹೋಗುತ್ತದೆ. ಕಲ್ಲಿನಲ್ಲಿ ಉಳಿಯುವುದು ಖಾಲಿ ಮನೆ. ಯಾವ ಬಿಲ್ಲೆ ಬಿದ್ದಿದೆ, ಮುಳ್ಳೆಷ್ಟು, ಮುಳ್ಳಿನ ತುದಿ ಹೇಗೆ, ಇಷ್ಟರ ಮೇಲೆ ಇದು ಯಾವ ಪ್ರಭೇದ ಎಂಬ ತೀರ್ಮಾನ. "ರೀ, ಬಂದು ನೋಡಿ, ಬಾಗಿಲು ತೆಗೆದೇ ಹೋಗಿದೆ, ನಿಮ್ಮ ಹಾಗೆ" ಎಂದು ಕರೆಯುತ್ತಿದ್ದಳು. ನಾನು ಇಣುಕಿ, "ಬಾಡಿಗೆ ಕೊಡದೆ ಓಡಿರಬೇಕು" ಅನ್ನುತ್ತಿದ್ದೆ.

ಈ ಸಲದ ಚಿಪ್ಪು ಯಾರೂ ಕಾಣದ್ದು ಅಂದಳು. ಅಳೆದಳು, ಚಿತ್ರ ಬರೆದಳು, ವರ್ಣನೆ ಬರೆದು ಪತ್ರಿಕೆಗೆ ಕಳಿಸಿದಳು. ಅದರ ಸಂಪಾದಕಿ ಅವಳ ಹಳೆಯ ಶಿಷ್ಯೆ. ಆ ಹುಡುಗಿ ಗುರುವನ್ನು ಬಿಟ್ಟು ನನಗೆ ಫೋನ್ ಮಾಡಿದಳು.

"ಅಂಕಲ್, ಮೇಡಂ ಹತ್ತಿರದಲ್ಲಿಲ್ಲ ತಾನೇ?"

"ಹಿಂದೆ ಕಲ್ಲು ಕುಟ್ಟುತ್ತಿದ್ದಾಳೆ. ಹೇಳಮ್ಮ."

"ಹೊಸದು ಅನ್ನಬೇಕಾದರೆ ಅದರ ಹತ್ತಿರದ ನೆಂಟರ ಜೊತೆ ಹೋಲಿಸಿ, ಯಾಕೆ ಬೇರೆ ಅಂತ ತೋರಿಸಬೇಕು. ಮೇಡಂ ಎಲ್ಲರ ಚಿಪ್ಪಿನ ಜೊತೆಗೂ ಹೋಲಿಸಿದ್ದಾರೆ, ಒಂದನ್ನು ಬಿಟ್ಟು. ಅವರದನ್ನೇ."

"ಅಂದರೆ?"

"ಇದಕ್ಕೆ ಮೇಡಂ ಎಂದೋ ಹೆಸರಿಟ್ಟಾಗಿದೆ ಅಂಕಲ್. ಅವರ ಗುರುಗಳ ಹೆಸರು. ನಾನು ಅದನ್ನು ಓದಿಯೇ ಪಾಸಾಗಿದ್ದು."

ಕಪಾಟಿನಿಂದ ಅವಳ ಆ ಲೇಖನವಿದ್ದ ಹಳೆಯ ಸಂಪುಟ ತೆಗೆದೆ. ಮುಳ್ಳು ಗಿಳ್ಳು ನನಗೆ ತಿಳಿಯದು, ಆದರೆ ಒಂದೇ ಮಾಲು ಎರಡು ಸಲ ಬಂದರೆ ತಿಳಿಯುತ್ತದೆ. ಅದೇ ಕವಲು ಮುಳ್ಳು, ಅದೇ ಕೈ, ವರ್ಣನೆಯ ವಾಕ್ಯಗಳೂ ಪದಕ್ಕೆ ಪದ ಅವೇ. ನೋಡಿ ಬರೆದವಳಲ್ಲ, ಸಂಪುಟದ ಮೇಲೆ ಬೆರಳಾಡಿಸಿದರೆ ಗೆರೆ ಮೂಡುವಷ್ಟು ಧೂಳಿತ್ತು.

ಮರುದಿನ ತಿಂಡಿಯ ಹೊತ್ತಿಗೆ ಆ ಪುಟ ತೆರೆದು, ಅವಳ ಹೆಸರಿನ ಮೇಲೆ ಹೆಬ್ಬೆರಳಿಟ್ಟು, ಮುಂದೆ ಹಿಡಿದೆ. "ಇದು ಯಾವುದೇ?"

ಬಾಗಿ ನೋಡಿದಳು. ಮುಖ ಕೆಂಪಾಯಿತು. "ನನ್ನ ಚಿತ್ರ! ಇನ್ನೂ ಅಚ್ಚಿಗೇ ಹೋಗಿಲ್ಲ, ಯಾರು ಕದ್ದರು? ಕೈ ತೆಗೀರಿ, ಯಾವ ಕಳ್ಳ ಅಂತ ನೋಡ್ತೀನಿ."

ತೆಗೆಯಲಿಲ್ಲ. ಅಂಗಡಿಗೆ ಬೆಂಕಿ ಬಿದ್ದಾಗಲೂ ನಾನು ಹಾಗೆ ಹೆದರಿರಲಿಲ್ಲ ಚಿಕ್ಕವಳೇ. "ಕಾಫಿ ಚೆಲ್ಲುತ್ತೆ" ಎಂದು ಪುಸ್ತಕ ಮುಚ್ಚಿಕೊಂಡು ಹೊರಗೆ ಹೋದೆ. ಒಳಗಿನಿಂದ ಇನ್ನೂ ಕಳ್ಳನನ್ನು ಬೈಯುತ್ತಿದ್ದಳು.

ಅಂದಿನಿಂದ ಮನೆಯಲ್ಲಿ ಕಿವಿ ನೆಟ್ಟಗೆ ಮಾಡಿಕೊಂಡೇ ಓಡಾಡುತ್ತೇನೆ. ಆ ಆಸಿಡ್ಡಿನ ಗುಣ ನನಗೆ ಗೊತ್ತು, ಮಾರಿದವನು ನಾನು. ಗಾಜನ್ನೇ ತಿನ್ನುತ್ತದೆ. ಚರ್ಮದ ಮೇಲೆ ಬಿದ್ದರೆ ಎಷ್ಟೋ ಸಲ ಉರಿ ಕೂಡ ಆಗಲೇ ಗೊತ್ತಾಗುವುದಿಲ್ಲ, ಸದ್ದಿಲ್ಲದೆ ಮೂಳೆಗೆ ಇಳಿಯುತ್ತದೆ. ಮಂಗಳವಾರ ನೋಡುತ್ತೇನೆ, ಡಬ್ಬದ ಮುಚ್ಚಳ ತೆರೆದೇ ಇದೆ, ಕೈಗವಸು ಮೊಳೆಯಲ್ಲಿ ನೇತಾಡುತ್ತಿದೆ, ಇವಳು ಹಿತ್ತಲಲ್ಲಿ ಹಾಯಾಗಿ ಬಟ್ಟೆ ಒಣಹಾಕುತ್ತಿದ್ದಾಳೆ. ಓಡಿಹೋಗಿ ಕೈ ಹಿಡಿದು ಒಂದೊಂದೇ ಬೆರಳು ತಿರುಗಿಸಿ ನೋಡಿದೆ. "ಏನ್ರೀ ಇದು ಈ ವಯಸ್ಸಿನಲ್ಲಿ, ಪಕ್ಕದ ಮನೆಯವರು ನೋಡ್ತಾರೆ" ಅಂದಳು. ಬೆರಳುಗಳಿಗೆ ಏನೂ ಆಗಿರಲಿಲ್ಲ. ಈಗ ಕೋಣೆಗೆ ಬೀಗ ಜಡಿದು, ಬೀಗ ಕೆಟ್ಟಿದೆ ಎಂದು ಹೇಳಿದ್ದೇನೆ. ಒಂದು ಬೀಗ ಎಷ್ಟು ದಿನ ಅಂತ ಕೆಟ್ಟಿರುತ್ತದೆ?

ನಿಮ್ಮಮ್ಮ ಕೊನೆಕೊನೆಗೆ ಅದೇ ನಾಲ್ಕು ಬಟ್ಟೆ ಮಡಿಸಿ, ಬಿಚ್ಚಿ, ಮತ್ತೆ ಮಡಿಸುತ್ತಿದ್ದುದು ನನಗೆ ನೆನಪಿದೆ. ಇಷ್ಟು ಹೊತ್ತಿಗೆ ನಿನಗೂ ನೆನಪಾಗಿರುತ್ತದೆ. ನಾನು ಡಾಕ್ಟರ ಮಾತೆತ್ತಿದರೆ "ನೀವೇ ತೋರಿಸಿಕೊಳ್ಳಿ" ಅನ್ನುತ್ತಾಳೆ. ನೀನು ಬಾ. "ನನಗೆ ಮರೆವು ಜಾಸ್ತಿಯಾಗಿದೆ, ಜೊತೆಗೆ ಬಾ ಅಕ್ಕ" ಅನ್ನು. ಹಾಗೇ ಇಬ್ಬರೂ ತೋರಿಸಿಕೊಳ್ಳಿ. ಆ ತಾಯಿಗೆ ಹೆಣ್ಣುಮಕ್ಕಳು ಇಬ್ಬರು, ಅದೂ ನನ್ನ ಹೆದರಿಕೆಯಲ್ಲಿ ಸೇರಿದೆ.

ಲೇಖನ ನಿಲ್ಲಿಸು ಎಂದು ಸಂಪಾದಕಿಗೆ ಹೇಳಿಬಿಟ್ಟೆ. ಒಂದಕ್ಕೆ ಎರಡು ಹೆಸರಾದರೆ ಹಳೆಯದೇ ನಿಲ್ಲುತ್ತದಂತೆ. ಅಚ್ಚಾಗಿದ್ದರೆ ಊರೆಲ್ಲ ನಗುತ್ತಿತ್ತು. ನಿಮ್ಮಕ್ಕನಿಗೆ ಇನ್ನೂ ಹೇಳಿಲ್ಲ. ದಿನಾ ಟಪಾಲು ಕಾಯುತ್ತಾಳೆ.

ನಿನಗೂ ನಿನ್ನ ಮನೆಯವರಿಗೂ ಒಳ್ಳೆಯದಾಗಲಿ. ಅಕ್ಕತಂಗಿಯರ ಬುದ್ಧಿ ಗಟ್ಟಿಯಾಗಿರಲಿ, ನನ್ನನ್ನು ಆಡಿಕೊಳ್ಳುವಷ್ಟಾದರೂ.

ಇಂತಿ,
ನಿನ್ನ ಭಾವ

ತಾ.ಕ.: ಮೇಲೆ ಬರೆಯಲಾಗದ್ದು ಒಂದಿದೆ. ಹೊಸ ಪ್ರಭೇದಕ್ಕೆ ಅವಳು ಇಟ್ಟಿದ್ದು ನನ್ನ ಹೆಸರು, ಲ್ಯಾಟಿನ್ ಬಾಲ ಅಂಟಿಸಿ. ನಿನ್ನೆ ಸುಮ್ಮನೆ ಕೇಳಿದೆ, "ಯಾರೇ ಅವನು?"

"ನಮ್ಮ ಲ್ಯಾಬಿಗೆ ಸೈಕಲ್ ಮೇಲೆ ಸ್ಲೈಡು ತಂದುಕೊಡ್ತಿದ್ದ. ಒಂದೂ ಒಡೆದು ತಂದವನಲ್ಲ. ಪಾಪ, ಈಗ ಎಲ್ಲಿದ್ದಾನೋ."

"ಮದುವೆಯಾದನಂತೆ" ಅಂದೆ.

"ಆಗಲಿ, ಒಳ್ಳೆಯವನು" ಅಂದಳು. ಆ ಉಸಿರಿನಲ್ಲೇ, "ರೀ, ಬೀಗದವನು ಬಂದನಾ?"

ಲೆಕ್ಕ ಇಷ್ಟು. ಪತ್ರಿಕೆಗೆ ಮರ್ಯಾದೆ ಉಳಿಯಿತು. ಗುರುಗಳಿಗೆ ಅವರ ಚಿಪ್ಪು ಉಳಿಯಿತು. ಸೈಕಲ್ಲಿನವನಿಗೆ ಒಂದು ಒಳ್ಳೆಯ ಮಾತು ಸಿಕ್ಕಿತು. ನನಗೆ ಏನೂ ಇಲ್ಲ.