ಹೂಕೋಸಿನ ಅನ್ನ

ಅಮ್ಮಾ,

ನೀನು ಹೋದ ಮೇಲೆ ಇದನ್ನೆಲ್ಲ ಯಾರಿಗೆ ಒಪ್ಪಿಸಲಿ? ಇವತ್ತು ಕುಡಿತ ಬಿಡಿಸುವ ಕೇಂದ್ರಕ್ಕೆ ಹೋಗಿದ್ದೆ. ಮನೆಗೆ ಕಳಿಸುವ ಮುಂಚೆ ಪ್ರತಿಯೊಬ್ಬರೂ ತಮ್ಮವರಿಗೆ ಒಂದು ಹೊತ್ತು ಅಡುಗೆ ಮಾಡಿ ಬಡಿಸುವುದು ಅಲ್ಲಿಯ ಪದ್ಧತಿ. ನಿನ್ನ ಮುದ್ದಿನ ಮಗ ಹೂಕೋಸನ್ನು ಅಕ್ಕಿಯಷ್ಟು ಸಣ್ಣಗೆ ತುರಿದು, ಮೊಟ್ಟೆ ಒಡೆದು ಹಾಕಿ ಹುರಿಯುತ್ತಿದ್ದ.

"ಅನ್ನ ಎಲ್ಲೋ?" ಎಂದೆ.

"ಇದೇ ಅನ್ನ ಅಂದ್ಕೋ ಅಕ್ಕ. ಕುಡಿತ ಬಿಟ್ಟ ಮೇಲೆ ಸಿಹಿ ಕಂಡ್ರೆ ಜೀವ ಬಿಡ್ತಿದ್ದೆ, ಶುಗರ್ ಏರಿತ್ತು. ಡಾಕ್ಟರು ಅನ್ನ, ಬ್ರೆಡ್ಡು ಕಡಿಮೆ ಮಾಡಿಸಿದ್ದಾರೆ."

ಕುಡುಕರ ಬಗ್ಗೆ ನಾನು ಓದದ ಪುಸ್ತಕವಿಲ್ಲ; ಅವರ ಸಬೂಬುಗಳೆಲ್ಲ ನನಗೆ ಬಾಯಿಪಾಠ. ಬಾಣಲೆಯಿಂದ ಹುಳಿ ಘಾಟು ಬಂತು. ಅವನ ಬಾಯಿಂದ ಅಂಥ ವಾಸನೆ ಬಂದಾಗ ನೀನು ಕೆಮ್ಮಿನ ಔಷಧಿ ಎನ್ನುತ್ತಿದ್ದೆ. ನಾನು ಮರೆತಿಲ್ಲ. ಒಲೆಯ ಪಕ್ಕದ ಬಾಟಲಿ ಎತ್ತಿ ಮೂಸಿದೆ. ಸಾಲದೆಂದು ಒಂದು ಗುಟುಕು ಕುಡಿದೇಬಿಟ್ಟೆ. ವಿನೆಗರ್! ಗಂಟಲು ಉರಿದು ಕಣ್ಣಲ್ಲಿ ನೀರು ಬಂತು.

"ಅಕ್ಕಾ, ಅದನ್ನ ಕುಡಿಯೋ ಮಟ್ಟಕ್ಕೆ ನಾನೂ ಇಳಿದಿರಲಿಲ್ಲ," ಎಂದು ನೀರು ಕೊಟ್ಟ. ಅಡುಗೆಮನೆಯವರೆಲ್ಲ ನಕ್ಕರು.

ತಟ್ಟೆಗೆ ಬಡಿಸಿ, ನಾನು ಪೂರ್ತಿ ಉಣ್ಣುವ ತನಕ ನಿಂತೇ ಇದ್ದ. ಆಮೇಲೆ ಮೆಲ್ಲಗೆ ಕೇಳಿದ: "ನಾಳೆ ಕಳಿಸ್ತಾರೆ. ನಿನ್ನ ಮನೆಗೇ ಬರಲಾ?"

"ಉಪ್ಪು ಸ್ವಲ್ಪ ಕಮ್ಮಿ," ಎಂದೆ.

"ಹೌದಾ," ಎಂದು ತಟ್ಟೆ ತೆಗೆದುಕೊಂಡು ತೊಳೆಯಲು ಹೋದ.

ಉಪ್ಪು ಸರಿಯಾಗಿಯೇ ಇತ್ತು, ಅಮ್ಮ.